ಛಾಯಾಚಿತ್ರ ಸ್ಪರ್ಧೆಗಳೂ ತೀರ್ಪಿನ ವಿವಾದಗಳೂ

ಜೀವನೋಪಾಯಕ್ಕಾಗಿ ಮಾಡುವ ಕೆಲಸದಲ್ಲಿ ಒಬ್ಬನಿಗೆ ಅನ್ಯಾಯವಾದರೆ ಅವನು ಕೂಲಿಯ ಲೆಕ್ಕವನ್ನು ಮುಂದಿಟ್ಟು ನ್ಯಾಯವನ್ನು ಕೇಳಬಹುದು. ಕೇವಲ ಪ್ರೀತಿಗಾಗಿ ಮಾಡುವ ಕೆಲಸದಲ್ಲಿ ಅನ್ಯಾಯವಾಯಿತೆಂದು ತೋರಿದರೆ ಮುಂದಿಡುವುದಕ್ಕೆ ಅಂಥ ಲೆಕ್ಕವೊಂದೂ ಇರುವುದಿಲ್ಲ. ಅಲ್ಲಿ ಪಣವಾಗಿರುವುದು ಮಾನವೊಂದೇ. ಆದಕಾರಣವೇ ಹವ್ಯಾಸಿಗಳ ಸಂಘಗಳಲ್ಲಿ ಹುಟ್ಟುವ ಜಗಳಗಳು ಹಣಕಾಸಿನ ವ್ಯಾಜ್ಯಗಳಿಗಿಂತಲೂ ಕಟುವಾಗಿ, ಅವುಗಳಿಗಿಂತಲೂ ದೀರ್ಘಕಾಲ ಉಳಿಯುವುವು. ಒಂದು ಬೆಳ್ಳಿಯ ಪದಕಕ್ಕಾಗಿ ಇಪ್ಪತ್ತು ವರ್ಷಗಳ ಸ್ನೇಹವು ಮುರಿದುಬಿದ್ದ ನಿದರ್ಶನಗಳು ಲೋಕದಲ್ಲಿ ವಿರಳವಲ್ಲ.

ಈ ಕಾಲದಲ್ಲಿ ಛಾಯಾಚಿತ್ರಗ್ರಹಣವು ಮನೆಮನೆಯ ವಿದ್ಯೆಯಾಗಿದೆ. ಕೋಲಾರದ ಅಂತರಗಂಗೆಯ ಬಂಡೆಗಳು, ಮುಳಬಾಗಿಲು ಸೀಮೆಯ ಆವನಿಯ ಬೆಟ್ಟ ಮತ್ತು ಕುರುಡುಮಲೆಯ ಗಣಪತಿ, ಮಾಲೂರು ಸೀಮೆಯ ಶಿವಾರಪಟ್ಟಣದಲ್ಲಿ ಉಳಿ ಹಿಡಿದು ಕುಳಿತ ಶಿಲ್ಪಿಗಳು, ಶ್ರೀನಿವಾಸಪುರದ ಮಾವಿನ ತೋಪುಗಳು, ಇವೆಲ್ಲವೂ ಚಿತ್ರಕಾರನ ಕಣ್ಣನ್ನು ಸೆಳೆಯತಕ್ಕವು. ಚಿತ್ರಗಳು ಹೆಚ್ಚಿದಲ್ಲಿ ಸ್ಪರ್ಧೆಗಳು ಹುಟ್ಟುವುವು. ಸ್ಪರ್ಧೆಗಳು ಹುಟ್ಟಿದಲ್ಲಿ ತೀರ್ಪಿನ ವಿಚಾರವು ತಲೆಯೆತ್ತುವುದು. ತೀರ್ಪನ್ನು ಕೊಡತಕ್ಕವರು ಯಾರು? ಅವರು ಯಾವ ಕ್ರಮದಿಂದ ಕೊಡಬೇಕು? ಬಹುಮತಕ್ಕೆ ವಿರೋಧವಾಗಿ ಗುಣವು ನಿಂತರೆ ಯಾವುದು ಗೆಲ್ಲಬೇಕು? ಈ ಪ್ರಶ್ನೆಗಳು ಹೊಸವಾಗಿ ತೋರಿದರೂ ಬಹು ಹಳೆಯವು. ಇವುಗಳ ಚರಿತ್ರೆಯನ್ನು ಕ್ರಮವಾಗಿ ಅವಲೋಕಿಸಿದರೆ ವರ್ತಮಾನದ ಕಲಹಗಳಿಗೆ ಸ್ವಲ್ಪ ಬೆಳಕು ದೊರಕೀತು.

೧. ಪ್ರಾಚೀನರ ವಿವೇಕ

ಭರತಮುನಿಯ ನಾಟ್ಯಶಾಸ್ತ್ರದ 27ನೆಯ ಅಧ್ಯಾಯವು ನಾಟ್ಯಪ್ರಯೋಗದ ಸಿದ್ಧಿಯನ್ನು ಕುರಿತದ್ದು. ಧನಕ್ಕಾಗಿಯೋ ಪತಾಕೆಗಾಗಿಯೋ ನಟರು ಪರಸ್ಪರ ಸ್ಪರ್ಧಿಸುವ ಪ್ರಸಂಗವು ಅಲ್ಲಿ ಬರುತ್ತದೆ. ಅಂಥ ಸಂಘರ್ಷದಲ್ಲಿ ನಿರ್ಣಯವನ್ನು ಹೇಳತಕ್ಕವರಿಗೆ ಪ್ರಾಶ್ನಿಕರೆಂದು ಹೆಸರು. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ರಾಜ, ಧನುರ್ವಿದ್ಯೆಯಲ್ಲಿ ನಿಪುಣ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ ಎಂದು ಹತ್ತು ಮಂದಿಯನ್ನು ಮುನಿಯು ಎಣಿಸಿದ್ದಾನೆ. ಇಷ್ಟು ಭಿನ್ನ ವೃತ್ತಿಯವರನ್ನು ಒಂದೆಡೆ ಕೂರಿಸಿದುದರ ತಾತ್ಪರ್ಯವು ಸ್ಪಷ್ಟವಾಗಿದೆ. ಒಬ್ಬೊಬ್ಬನು ತಾನು ಬಲ್ಲ ಅಂಶವನ್ನು ಮಾತ್ರ ಪರೀಕ್ಷಿಸಬೇಕು. ಛಂದೋವಿದನು ವೃತ್ತದ ತಪ್ಪನ್ನು ಹೇಳಲಿ. ನಿಲುವಿನ ತಪ್ಪನ್ನು ಬಿಲ್ಲಾಳು ಹೇಳಲಿ. ಎಲ್ಲರೂ ಎಲ್ಲದಕ್ಕೂ ತೀರ್ಪು ಕೊಡುವುದು ಅಲ್ಲಿ ವಿಹಿತವಲ್ಲ. ಗುಣದೋಷಗಳನ್ನು ಬರೆದುಕೊಳ್ಳುವುದಕ್ಕೆ ಲೇಖಕನೂ, ಎಣಿಸುವುದಕ್ಕೆ ಗಣಕನೂ ಇರಬೇಕೆಂಬುದು ಮತ್ತೊಂದು ವಿಧಿ. ನೆನಪಿನ ಮೇಲೆ ತೀರ್ಪನ್ನು ನಿಲ್ಲಿಸಬಾರದೆಂಬುದನ್ನು ಪ್ರಾಚೀನರು ಚೆನ್ನಾಗಿ ಅರಿತಿದ್ದರು.

ಶಾಸ್ತ್ರವು ಹೀಗಿದ್ದರೂ ಲೋಕವು ಹೇಗೆ ನಡೆಯಿತೆಂಬುದಕ್ಕೆ ಕಾಳಿದಾಸನ ಮಾಲವಿಕಾಗ್ನಿಮಿತ್ರವೇ ಸಾಕ್ಷಿ. ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮೊಳಗೆ ಯಾರು ಹೆಚ್ಚೆಂದು ಕಲಹವಾಡುತ್ತ ರಾಜಸಭೆಗೆ ಬರುತ್ತಾರೆ. ಹರದತ್ತನು ರಾಜನ ಕಡೆಯವನು. ಗಣದಾಸನು ರಾಣಿ ಧಾರಿಣಿಯ ಆಶ್ರಿತನು. ರಾಜನು ತಾನೇ ತೀರ್ಪು ಕೊಟ್ಟರೆ ರಾಣಿಯು ಪಕ್ಷಪಾತವೆಂದು ಶಂಕಿಸುವಳೆಂದು ಪಂಡಿತೆಯಾದ ಕೌಶಿಕಿಯನ್ನು ಮಧ್ಯಸ್ಥಳನ್ನಾಗಿ ಮಾಡುತ್ತಾನೆ. ಕೌಶಿಕಿಯು ನಾಟ್ಯವು ಪ್ರಯೋಗಪ್ರಧಾನವಾದುದೆಂದೂ, ವಾಗ್ವಾದವನ್ನು ಬಿಟ್ಟು ಶಿಷ್ಯರ ಪ್ರಯೋಗವನ್ನೇ ನೋಡತಕ್ಕದ್ದೆಂದೂ ಹೇಳುತ್ತಾಳೆ. ಅಂಗಸೌಷ್ಠವವು ಕಾಣುವಂತೆ ಪಾತ್ರಗಳು ಆಡಂಬರದ ವೇಷವಿಲ್ಲದೆ ಬರಬೇಕೆಂದು ವಿಧಿಸುತ್ತಾಳೆ. ಇವೆಲ್ಲವೂ ಉತ್ತಮ ಪರೀಕ್ಷಕಳ ಮಾತುಗಳೇ.

ಆದರೆ ನಾಟಕವನ್ನು ಕಡೆಯವರೆಗೆ ಓದಿದವರಿಗೆ ಬೇರೊಂದು ಸಂಗತಿಯು ಹೊಳೆಯದೆ ಇರದು. ಆ ಸ್ಪರ್ಧೆಯೇ ಮಾಲವಿಕೆಯನ್ನು ರಾಜನ ಕಣ್ಣಿಗೆ ಬೀಳಿಸುವುದಕ್ಕಾಗಿ ವಿದೂಷಕನು ಹೂಡಿದ ಉಪಾಯ. ಮಧ್ಯಸ್ಥಳಾದ ಕೌಶಿಕಿಯು ಮಾಲವಿಕೆಯ ಕುಲವನ್ನು ಮೊದಲಿನಿಂದಲೂ ಬಲ್ಲವಳು. ಅದನ್ನು ಸಭೆಯಿಂದ ಮರೆಮಾಡಿದವಳು. ಗಣದಾಸನು ವಯಸ್ಸಿನಲ್ಲಿ ಹಿರಿಯನೆಂದು ಅವನ ಶಿಷ್ಯೆಗೆ ಮೊದಲ ಸರದಿ ದೊರೆಯಿತು. ಅವಳ ನಾಟ್ಯವು ಮುಗಿದೊಡನೆ ಮಧ್ಯಾಹ್ನವಾಯಿತೆಂಬ ಘೋಷಣೆ ಕೇಳಿಬಂದು ಹರದತ್ತನ ಪ್ರಯೋಗವು ನಾಳೆಗೆ ಮುಂದೂಡಲ್ಪಟ್ಟಿತು. ರಂಗದ ಮೇಲೆ ಆ ನಾಳೆಯು ಬರಲೇ ಇಲ್ಲ. ತನ್ನ ವಿದ್ಯೆಯನ್ನು ತೋರಿಸಲು ಸಿದ್ಧನಾಗಿ ಬಂದ ಹರದತ್ತನು ಅವಕಾಶವೇ ಇಲ್ಲದೆ ಹಿಂದಿರುಗಿದನು. ಪ್ರೇಕ್ಷಕರು ಮಾಲವಿಕೆಯ ಸೌಂದರ್ಯದಲ್ಲಿ ಮುಳುಗಿ ಆ ಬಡ ಆಚಾರ್ಯನನ್ನು ಮರೆಯುವರು. ಸ್ಪರ್ಧೆಗಳ ಇತಿಹಾಸವನ್ನು ನೋಡುವವರು ಅವನನ್ನು ಮರೆಯಲಾಗದು.

ಮೂರನೆಯ ನಿದರ್ಶನವು ಶಿಲಾಶಾಸನದ್ದು. ಕೋಲಾರದ ಸೀಮೆಯು ಹನ್ನೊಂದನೆಯ ಶತಮಾನದಲ್ಲಿ ಚೋಳರ ಅಧೀನಕ್ಕೆ ಬಂದು ನಿಕರಿಲಿಚೋಳಮಂಡಲವೆಂಬ ಹೆಸರನ್ನು ತಳೆಯಿತು. ಕೋಲಾರಮ್ಮನ ಗುಡಿಯ ಚೋಳಶಾಸನಗಳೂ, 1905ರಲ್ಲಿ ರೈಸ್ ಸಾಹೇಬರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಕದ ಹತ್ತನೆಯ ಸಂಪುಟವೂ ಇದಕ್ಕೆ ಆಧಾರ. ಅದೇ ಚೋಳವಂಶದ ಮೊದಲನೆಯ ಪರಾಂತಕನ ಕಾಲದಲ್ಲಿ, 919 ಮತ್ತು 921ನೆಯ ಇಸವಿಗಳಲ್ಲಿ, ಕಂಚಿಯ ಬಳಿಯ ಉತ್ತರಮೇರೂರಿನ ಸಭೆಯು ತನ್ನ ವಾರಿಯಗಳಿಗೆ ಸದಸ್ಯರನ್ನು ಆರಿಸುವ ವಿಧಾನವನ್ನು ಕಲ್ಲಿನಲ್ಲಿ ಕೆತ್ತಿಸಿತು. ಮೂವತ್ತು ಕೇರಿಗಳವರು ಅರ್ಹರ ಹೆಸರುಗಳನ್ನು ಓಲೆಯ ಮೇಲೆ ಬರೆದು ಕೊಡದಲ್ಲಿ ಹಾಕುವರು. ಕೊಡವನ್ನು ಸಭೆಗೆಲ್ಲ ಕಾಣುವಂತೆ ಎತ್ತಿಹಿಡಿಯುವರು. ಒಳಗೆ ಏನಿದೆಯೆಂದು ಅರಿಯದ ಬಾಲಕನೊಬ್ಬನು ಓಲೆಯನ್ನು ತೆಗೆಯುವನು. ಮಧ್ಯಸ್ಥನು ಐದು ಬೆರಳುಗಳನ್ನೂ ಅಗಲಿಸಿ ತೆರೆದ ಅಂಗೈಯಲ್ಲಿ ಅದನ್ನು ಸ್ವೀಕರಿಸಿ ಗಟ್ಟಿಯಾಗಿ ಓದುವನು. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕವನ್ನು ಒಪ್ಪಿಸದವನಿಗೂ, ಅವನ ಹತ್ತಿರದ ಬಂಧುಗಳಿಗೂ ಅರ್ಹತೆಯಿಲ್ಲ. ಹಿಂದಿನ ಮೂರು ವರ್ಷಗಳಲ್ಲಿ ಅಧಿಕಾರದಲ್ಲಿದ್ದವನಿಗೂ ಅವಕಾಶವಿಲ್ಲ.

ಐದು ಬೆರಳುಗಳನ್ನು ಅಗಲಿಸಬೇಕೆಂಬ ವಿಧಿಯನ್ನು ಓದಿದವರಿಗೆ ನಗೆ ಬಂದೀತು. ಆದರೆ ಬೆರಳುಗಳ ಸಂದಿಯಲ್ಲಿ ಬೇರೆ ಓಲೆಯನ್ನು ಅಡಗಿಸಿ ತಂದವನೊಬ್ಬನು ಎಂದೋ ಒಮ್ಮೆ ಇದ್ದಿರಬೇಕು. ಪ್ರತಿಯೊಂದು ನಿಯಮದ ಹಿಂದೆಯೂ ಒಂದು ಹಳೆಯ ಮೋಸದ ನೆರಳಿರುವುದು.

೨. ಬೆಂಗಳೂರಿನ ಸೈನಿಕನೂ ಮದರಾಸಿನ ಪದಕವೂ

ಛಾಯಾಚಿತ್ರವಿದ್ಯೆಯು 1839ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಅದು ಭಾರತವನ್ನು ಪ್ರವೇಶಿಸಿತು. ಬೊಂಬಾಯಿಯಲ್ಲಿ 1854ರಲ್ಲಿಯೂ, ಕಲ್ಕತ್ತೆ ಮತ್ತು ಮದರಾಸುಗಳಲ್ಲಿ 1856ರಲ್ಲಿಯೂ ಛಾಯಾಚಿತ್ರಸಂಘಗಳು ಹುಟ್ಟಿಕೊಂಡುವು. ಲಂಡನ್ನಿನ ಸಂಘವೇ 1853ರಲ್ಲಿ ಹುಟ್ಟಿದ್ದೆಂಬುದನ್ನು ನೆನೆದರೆ ಈ ದೇಶವು ಆ ವಿಷಯದಲ್ಲಿ ಹಿಂದುಳಿದಿರಲಿಲ್ಲವೆಂಬುದು ವಿದಿತವಾಗುವುದು.

ಕನ್ನಡನಾಡಿನ ಮಟ್ಟಿಗೆ ಈ ಚರಿತ್ರೆಯ ಮೊದಲ ಪುಟದಲ್ಲಿ ಬರತಕ್ಕ ಹೆಸರು ಲಿನಿಯಸ್ ಟ್ರೈಪ್. ಈತನು ಕುಂಪಣಿಯ ಮದರಾಸು ಸೈನ್ಯದ ಅಧಿಕಾರಿ, ಬೆಂಗಳೂರಿನ ದಂಡಿನಲ್ಲಿದ್ದವನು. 1854ರ ಡಿಸೆಂಬರ್ ತಿಂಗಳಲ್ಲಿ ಈತನು ಹಳೇಬೀಡು ಬೇಲೂರುಗಳಿಗೆ ಹೋಗಿ ಹೊಯ್ಸಳ ದೇವಾಲಯಗಳ ಚಿತ್ರಗಳನ್ನು ಹಿಡಿದನು. ಮೇಣ ಹಚ್ಚಿದ ಕಾಗದದ ಮೇಲೆ ಮೂಲಪ್ರತಿಯನ್ನು ಪಡೆದು, ಅದರಿಂದ ಬಿಸಿಲಿನಲ್ಲಿ ಚಿತ್ರವನ್ನು ಅಚ್ಚಿಳಿಸುವ ಶ್ರಮದ ಕ್ರಮವದು. ಹೀಗೆ ಸಿದ್ಧವಾದ 68 ಚಿತ್ರಗಳನ್ನು 1855ರ ಮದರಾಸು ಪ್ರದರ್ಶನಕ್ಕೆ ಕಳುಹಿಸಿದನು. ಪರೀಕ್ಷಕಮಂಡಲಿಯು ಕಾಗದದ ಮೇಲಿನ ದೃಶ್ಯಚಿತ್ರಗಳಲ್ಲಿ ಇವೇ ಶ್ರೇಷ್ಠವೆಂದು ನಿರ್ಣಯಿಸಿ ಪ್ರಥಮ ವರ್ಗದ ಪದಕವನ್ನು ಕೊಟ್ಟಿತು.

ಈ ತೀರ್ಪನ್ನು ಲೋಕವು ಒಪ್ಪಿತು. ಟ್ರೈಪನು ಅದೇ ವರ್ಷ ಬರ್ಮಾ ದೇಶದ ರಾಯಭಾರದೊಡನೆ ಚಿತ್ರಗಾರನಾಗಿ ಹೋದನು. 1856ರಲ್ಲಿ ಮದರಾಸು ಸರ್ಕಾರದ ಛಾಯಾಚಿತ್ರಗಾರನಾದನು. ಆದರೆ 1859ರಲ್ಲಿ ಹೊಸ ಗವರ್ನರ್ ಟ್ರೆವೆಲಿಯನ್ ಸಾಹೇಬನು ಇದೆಲ್ಲವೂ ಭೋಗದ ವ್ಯಯವೆಂದು ತಿಳಿದು ಆ ಕಾರ್ಯವನ್ನು ನಿಲ್ಲಿಸಿಬಿಟ್ಟನು. ಬಲ್ಲವರು ಕೂಡಿ ಕೊಟ್ಟ ಪದಕವು ಬಾರದವನೊಬ್ಬನ ಒಂದು ರುಜುವನ್ನು ತಡೆಯಲಾರದೆ ಹೋಯಿತು. ತೀರ್ಪಿಗೆ ಗೌರವವು ಎಷ್ಟರ ಮಟ್ಟಿಗೆ ಎಂಬುದಕ್ಕೆ ಇದೊಂದು ಮಿತಿ.

ಇನ್ನೊಂದು ಸಂಗತಿಯೂ ಗಮನಾರ್ಹ. ಟ್ರೈಪನು ತನ್ನ ಮೂಲಪ್ರತಿಗಳ ಮೇಲೆ ಬಣ್ಣದಿಂದ ಮೋಡಗಳನ್ನು ತಿದ್ದುತ್ತಿದ್ದುದುಂಟು. ಅಂದಿನ ಕಾಗದವು ಆಕಾಶವನ್ನು ಸರಿಯಾಗಿ ಗ್ರಹಿಸುತ್ತಿರಲಿಲ್ಲವಾದುದರಿಂದ ಅದು ದೋಷಪರಿಹಾರವೆಂದು ಎಣಿಸಲ್ಪಟ್ಟಿತು. ಕಂಡದ್ದನ್ನು ತೋರಿಸುವುದಕ್ಕಾಗಿ ಕಾಣದ್ದನ್ನು ಸೇರಿಸಬಹುದೇ ಎಂಬ ಪ್ರಶ್ನೆಯು ಆಗಲೇ ಬೀಜರೂಪದಲ್ಲಿದ್ದಿತು.

೩. ಕಲ್ಕತ್ತೆಯ ಬಹಿಷ್ಕಾರ

ಕಲ್ಕತ್ತೆಯ ಸಂಘದಲ್ಲಿ ನಡೆದ ಸಂಗತಿಯು ಇದಕ್ಕಿಂತ ದುಃಖಕರವಾದುದು. ಬಾಬು ರಾಜೇಂದ್ರಲಾಲ ಮಿತ್ರರು ಸಂಸ್ಕೃತ ಪಾಂಡಿತ್ಯದಲ್ಲಿಯೂ ಪುರಾತತ್ತ್ವದಲ್ಲಿಯೂ ಪ್ರಖ್ಯಾತರು. ಛಾಯಾಚಿತ್ರದಲ್ಲಿಯೂ ಆಸಕ್ತಿಯಿದ್ದುದರಿಂದ ಅವರು ಬಂಗಾಳ ಛಾಯಾಚಿತ್ರಸಂಘದ ಕಾರ್ಯಕರ್ತರಲ್ಲೊಬ್ಬರಾಗಿ ಅದರ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದರು. ಆ ಕಾಲದಲ್ಲಿ ಪ್ರಾಂತಗಳಲ್ಲಿದ್ದ ಐರೋಪ್ಯರನ್ನು ಕುಂಪಣಿಯ ಕ್ರಿಮಿನಲ್ ನ್ಯಾಯಾಲಯಗಳ ಅಧಿಕಾರಕ್ಕೆ ಒಳಪಡಿಸುವ ಕಾನೂನಿನ ಪ್ರಸ್ತಾಪವು ನಡೆದಿದ್ದಿತು. ಐರೋಪ್ಯ ವರ್ತಕರೂ ನೀಲಿಯ ತೋಟಗಾರರೂ ಅದನ್ನು ಕರಾಳ ಕಾನೂನೆಂದು ಕರೆದು ಪ್ರತಿಭಟಿಸಿದರು. 1857ರ ಏಪ್ರಿಲ್ 6ರಂದು ಕಲ್ಕತ್ತೆಯ ಪುರಭವನದಲ್ಲಿ ಸೇರಿದ ಭಾರತೀಯರ ಸಭೆಯಲ್ಲಿ ರಾಜೇಂದ್ರಲಾಲರು ಆ ಕಾನೂನಿನ ಪರವಾಗಿ ನಿಂತು, ನೀಲಿಯ ತೋಟಗಾರರ ನಡತೆಯನ್ನು ಕಠಿಣವಾಗಿ ಖಂಡಿಸಿದರು.

ಆ ಭಾಷಣಕ್ಕೂ ಛಾಯಾಚಿತ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಸಂಘದ ಐರೋಪ್ಯ ಸದಸ್ಯರು ಕೆರಳಿ ಅವರನ್ನು ಸಂಘದಿಂದ ಹೊರಹಾಕಿದರು. ಅವರ ಚಿತ್ರದಲ್ಲಿ ದೋಷವಿರಲಿಲ್ಲ, ಅವರ ಲೆಕ್ಕದಲ್ಲಿ ದೋಷವಿರಲಿಲ್ಲ. ದೋಷವಿದ್ದುದು ಅವರ ಅಭಿಪ್ರಾಯದಲ್ಲಿ. ಕಲೆಯ ಸಂಘವೊಂದು ಕಲೆಯನ್ನು ಬಿಟ್ಟು ಬೇರೆ ಕಾರಣಕ್ಕಾಗಿ ತನ್ನ ಸದಸ್ಯನನ್ನು ತೂಗಲು ಆರಂಭಿಸಿದ ದಿನವೇ ಅದರ ತಕ್ಕಡಿಯು ಕೆಟ್ಟಿತೆಂದು ಹೇಳಬೇಕು.

ಕಾಲವು ತನ್ನ ತೀರ್ಪನ್ನು ಬೇರೆಯಾಗಿ ಕೊಟ್ಟಿತು. ಇಪ್ಪತ್ತೆಂಟು ವರ್ಷಗಳ ತರುವಾಯ, 1885ರಲ್ಲಿ, ಬಂಗಾಳದ ಏಷ್ಯಾಟಿಕ್ ಸೊಸೈಟಿಯು ಅದೇ ರಾಜೇಂದ್ರಲಾಲರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಆ ಪೀಠವನ್ನು ಏರಿದ ಮೊದಲನೆಯ ಭಾರತೀಯರು ಅವರೇ. ಅವರನ್ನು ಹೊರಹಾಕಿದವರ ಹೆಸರುಗಳನ್ನು ಇಂದು ನೆನೆಯುವವರು ವಿರಳ.

೪. ಲಂಡನ್ನಿನ ಒಡಕು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಸಂಘದಲ್ಲಿಯೇ ದೊಡ್ಡ ಒಡಕುಂಟಾಯಿತು. ಛಾಯಾಚಿತ್ರವು ವಿಜ್ಞಾನವೋ ಕಲೆಯೋ ಎಂಬುದೇ ಅದರ ಮೂಲ. ಒಂದು ಪಕ್ಷದವರು ಮಸೂರದ ಸ್ಪಷ್ಟತೆಯನ್ನೂ ರಾಸಾಯನಿಕ ಶುದ್ಧಿಯನ್ನೂ ಮುಖ್ಯವೆಂದರು. ಇನ್ನೊಂದು ಪಕ್ಷದವರು ಭಾವವೇ ಮುಖ್ಯವೆಂದರು. ಎರಡನೆಯ ಪಕ್ಷದ ಹಿರಿಯನು ಎಚ್. ಪಿ. ರಾಬಿನ್‌ಸನ್. ಈತನು 1858ರಲ್ಲಿಯೇ ಐದು ಮೂಲಪ್ರತಿಗಳನ್ನು ಜೋಡಿಸಿ, ಮರಣಶಯ್ಯೆಯಲ್ಲಿರುವ ಬಾಲಿಕೆಯೊಬ್ಬಳ ಚಿತ್ರವನ್ನು ರಚಿಸಿ ವಾದಕ್ಕೆ ಗುರಿಯಾಗಿದ್ದವನು. ಕಿರಿಯನು ಜಾರ್ಜ್ ಡೇವಿಸನ್. ಈತನು ಮಸೂರವನ್ನೇ ತೆಗೆದು ಸೂಜಿಯ ರಂಧ್ರದಿಂದ ಹಿಡಿದ ಮಸುಕಾದ ಹೊಲಮನೆಯ ಚಿತ್ರಕ್ಕೆ 1890ರ ಪ್ರದರ್ಶನದಲ್ಲಿ ಪದಕವು ದೊರೆಯಿತು. ಸ್ಪಷ್ಟತೆಯ ಪಕ್ಷದವರಿಗೆ ಇದು ಸಹಿಸಲಾರದ ಮಾತಾಯಿತು.

ಮರುವರ್ಷ, 1891ರಲ್ಲಿ, ಡೇವಿಸನ್ನನ ಚಿತ್ರಗಳು ತಡವಾಗಿ ಬಂದುವೆಂಬ ಕಾರಣದಿಂದ ಪ್ರದರ್ಶನದಲ್ಲಿ ಸ್ಥಳವನ್ನು ಪಡೆಯದೆ ಹೋದುವು. ನಿಯಮವು ನಿಯಮವೇ ಎಂದು ಒಬ್ಬರು. ನಿಯಮದ ಮರೆಯಲ್ಲಿ ದ್ವೇಷವಿದೆಯೆಂದು ಮತ್ತೊಬ್ಬರು. ರಾಬಿನ್‌ಸನ್ನನೂ ಡೇವಿಸನ್ನನೂ ರಾಜೀನಾಮೆ ಕೊಟ್ಟು ಹೊರನಡೆದರು. 1892ರ ಮೇ ತಿಂಗಳಲ್ಲಿ ಅವರೂ ಅವರ ಮಿತ್ರರೂ ಕೂಡಿ ‘ಲಿಂಕ್ಡ್ ರಿಂಗ್’, ಎಂದರೆ ಕೊಂಡಿಗೂಡಿದ ಉಂಗುರ, ಎಂಬ ಸೋದರಕೂಟವನ್ನು ಸ್ಥಾಪಿಸಿದರು. ಅವರು 1893ರಿಂದ ನಡೆಸಿದ ಪ್ರದರ್ಶನದಲ್ಲಿ ಪದಕಗಳೇ ಇರಲಿಲ್ಲ. ಆಯ್ಕೆಯಾಗುವುದೇ ಪ್ರಶಸ್ತಿ ಎಂಬುದು ಅವರ ಮತ. ಬಹುಮಾನವನ್ನು ತೆಗೆದುಹಾಕಿದರೆ ಕಲಹವೂ ಹೋದೀತೆಂದು ಅವರು ಭಾವಿಸಿದಂತೆ ತೋರುತ್ತದೆ.

ಕಲಹವು ಹೋಗಲಿಲ್ಲ. ಪದಕವಿಲ್ಲದ ಕಡೆಯಲ್ಲಿ ಗೋಡೆಯೇ ಪದಕವಾಯಿತು. 1908ರಲ್ಲಿ ಆಯ್ಕೆಯ ಸಮಿತಿಯಲ್ಲಿ ಅಮೆರಿಕದ ನವ್ಯಪಂಥದವರ ಮತ್ತು ಅವರ ಅಭಿರುಚಿಯವರ ಕೈ ಮೇಲಾಗಿ, ಗೋಡೆಯ ಮೇಲೆ ಅವರ ಬಳಗದ ಚಿತ್ರಗಳೇ ಎದ್ದುಕಂಡುವು. ಅನೇಕ ಇಂಗ್ಲಿಷ್ ಸದಸ್ಯರ ಚಿತ್ರಗಳು ತಿರಸ್ಕೃತವಾದುವು. ‘ಅಮೆಚೂರ್ ಫೊಟೋಗ್ರಾಫರ್’ ಪತ್ರಿಕೆಯ ಸಂಪಾದಕನಾದ ಮಾರ್ಟಿಮರ್ ಎಂಬವನು ತಿರಸ್ಕೃತರ ಪ್ರದರ್ಶನವನ್ನೇ ಬೇರೆಯಾಗಿ ಏರ್ಪಡಿಸಿದನು. ಮುಂದಿನ ವರ್ಷ ಇಂಗ್ಲಿಷರ ಪಕ್ಷವು ಬಲಗೊಂಡಿತು, ಅಮೆರಿಕದವರು ಹೊರಬಿದ್ದರು, 1910ರಲ್ಲಿ ಉಂಗುರವು ಬಿಚ್ಚಿಹೋಯಿತು. ಅನ್ಯಾಯವನ್ನು ಪ್ರತಿಭಟಿಸಿ ಹುಟ್ಟಿದ ಕೂಟವು ಅದೇ ಅನ್ಯಾಯದ ಆರೋಪದಿಂದ ಹದಿನೆಂಟು ವರ್ಷಗಳಲ್ಲಿ ಅಳಿಯಿತು.

ಇಲ್ಲಿ ದುರ್ಜನರು ಯಾರೂ ಇದ್ದಂತೆ ಕಾಣುವುದಿಲ್ಲ. ಎರಡು ಪಕ್ಷದವರೂ ಕಲೆಯನ್ನು ಪ್ರೀತಿಸಿದವರೇ. ಸಮಾನ ಅಭಿರುಚಿಯವರು ಸಮಾನ ಅಭಿರುಚಿಯವರನ್ನು ಮೆಚ್ಚುವುದು ಸ್ವಭಾವ. ಒಂಟೆಯ ಮದುವೆಯಲ್ಲಿ ಕತ್ತೆಯು ಹಾಡಿ, ಒಂದನ್ನೊಂದು ಹೊಗಳಿಕೊಂಡ ಸುಭಾಷಿತವನ್ನು ಎಲ್ಲರೂ ಬಲ್ಲರು. ಆ ಸುಭಾಷಿತದಲ್ಲಿ ಕತ್ತೆಯು ಸುಳ್ಳು ಹೇಳಿತೆಂದು ತಿಳಿಯಬೇಕಾದುದಿಲ್ಲ. ಒಂಟೆಯ ರೂಪವು ಅದಕ್ಕೆ ನಿಜವಾಗಿಯೂ ಚೆಲುವಾಗಿ ಕಂಡಿರಬಹುದು. ಅಪಾಯವಿರುವುದು ಅಲ್ಲಿಯೇ. ಕಪಟದ ಪಕ್ಷಪಾತವನ್ನು ಕಂಡುಹಿಡಿಯಬಹುದು. ಪ್ರಾಮಾಣಿಕವಾದ ಪಕ್ಷಪಾತವನ್ನು ಅದನ್ನು ಮಾಡುವವನೇ ಅರಿಯನು.

೫. ಅಂಕಗಳ ಗಣಿತ

ತೀರ್ಪಿನ ದೋಷವೆಲ್ಲವೂ ಮನಸ್ಸಿನದಲ್ಲ, ಗಣಿತದ್ದೂ ಉಂಟು. ಫ್ರಾನ್ಸ್ ದೇಶದಲ್ಲಿ 1770ರಲ್ಲಿ ಬೋರ್ಡಾ ಎಂಬವನೂ 1785ರಲ್ಲಿ ಕಾಂಡೋರ್ಸೆ ಎಂಬವನೂ ಇದನ್ನು ವಿಚಾರಿಸಿದರು. ಉದಾಹರಣೆಗೆ, ಕುರುಡುಮಲೆಯ ಗಣಪತಿ, ಶಿವಾರಪಟ್ಟಣದ ಶಿಲ್ಪಿ, ಶ್ರೀನಿವಾಸಪುರದ ಮಾವಿನ ತೋಪು ಎಂಬ ಮೂರು ಚಿತ್ರಗಳೂ ಮೂವರು ಪರೀಕ್ಷಕರೂ ಇರುವರೆಂದು ಊಹಿಸಬಹುದು. ಮೊದಲನೆಯವನಿಗೆ ಗಣಪತಿ, ಶಿಲ್ಪಿ, ತೋಪು ಎಂಬ ಕ್ರಮವು ಇಷ್ಟ. ಎರಡನೆಯವನಿಗೆ ಶಿಲ್ಪಿ, ತೋಪು, ಗಣಪತಿ. ಮೂರನೆಯವನಿಗೆ ತೋಪು, ಗಣಪತಿ, ಶಿಲ್ಪಿ. ಈಗ ಎರಡೆರಡನ್ನು ಹೋಲಿಸಿದರೆ ಗಣಪತಿಯು ಶಿಲ್ಪಿಯನ್ನೂ, ಶಿಲ್ಪಿಯು ತೋಪನ್ನೂ, ತೋಪು ಗಣಪತಿಯನ್ನೂ ಇಬ್ಬರ ಬಹುಮತದಿಂದ ಗೆಲ್ಲುವುದು. ಗೆದ್ದವರು ಯಾರೂ ಇಲ್ಲ. ಸೋತವರೂ ಯಾರೂ ಇಲ್ಲ. ಇಲ್ಲಿ ಯಾವ ಪರೀಕ್ಷಕನೂ ತಪ್ಪು ಮಾಡಿಲ್ಲ. ಯಾವ ಚಿತ್ರವನ್ನು ಕಡೆಗೆ ಹೋಲಿಸುವರೋ ಅದೇ ಗೆಲ್ಲುವುದು. ಹೀಗಿರುವಲ್ಲಿ ಕ್ರಮವನ್ನು ನಿಶ್ಚಯಿಸುವ ಕಾರ್ಯದರ್ಶಿಯೇ ತಿಳಿದೋ ತಿಳಿಯದೆಯೋ ತೀರ್ಪುಗಾರನಾಗುವನು.

ಅಂಕಗಳನ್ನು ಕೊಟ್ಟು ಕೂಡಿಸುವ ಕ್ರಮದಲ್ಲಿಯೂ ಬೇರೊಂದು ಸಂಕಟವಿದೆ. ಇಬ್ಬರು ಪರೀಕ್ಷಕರು ಗಣಪತಿಗೆ 7, ಶಿಲ್ಪಿಗೆ 6 ಅಂಕಗಳನ್ನು ಕೊಟ್ಟರೆನ್ನೋಣ. ಮೂರನೆಯವನು ಗಣಪತಿಗೆ 2, ಶಿಲ್ಪಿಗೆ 9 ಕೊಟ್ಟನು. ಕೂಡಿಸಿದರೆ ಗಣಪತಿಗೆ 16, ಶಿಲ್ಪಿಗೆ 21. ಇಬ್ಬರ ಮೆಚ್ಚುಗೆಯನ್ನು ಒಬ್ಬನ ಆವೇಶವು ಮೀರಿಸಿತು. ಸಂಯಮದಿಂದ ಅಂಕ ಕೊಡುವವನಿಗೆ ಕಡಮೆ ಬಲ, ಅತಿರೇಕದಿಂದ ಕೊಡುವವನಿಗೆ ಹೆಚ್ಚು ಬಲ ಎಂಬುದು ಈ ಪದ್ಧತಿಯ ಗುಟ್ಟು. ಸಂಘಗಳಲ್ಲಿ ಹುಟ್ಟುವ ವಿವಾದಗಳಲ್ಲಿ ಎಷ್ಟೋ ಈ ಒಂದು ಕಾರಣದಿಂದಲೇ ಹುಟ್ಟುವುವು.

ಇದಕ್ಕೆ ಪರಿಹಾರವನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ನನು 1907ರಲ್ಲಿ ಸೂಚಿಸಿದನು. ಪಂಚಾಯತರು ಒಂದು ಮೊತ್ತವನ್ನು ನಿಶ್ಚಯಿಸಬೇಕಾದಾಗ ಸರಾಸರಿಯನ್ನು ಬಿಟ್ಟು, ಎಲ್ಲರ ಅಂದಾಜುಗಳನ್ನೂ ಏರಿಕೆಯ ಕ್ರಮದಲ್ಲಿಟ್ಟು ನಡುವಣದನ್ನು ಹಿಡಿಯಬೇಕೆಂದು ಅವನ ಅಭಿಪ್ರಾಯ. ಪ್ಲಿಮತ್ ಪಟ್ಟಣದ ಜಾನುವಾರು ಜಾತ್ರೆಯೊಂದರಲ್ಲಿ ಎತ್ತಿನ ಮಾಂಸದ ತೂಕವನ್ನು ಊಹಿಸಿ ಜನರು ಬರೆದ 787 ಚೀಟಿಗಳನ್ನು ಅವನು ಪರಿಶೀಲಿಸಿದನು. ನಡುವಣ ಊಹೆಯು 1207 ಪೌಂಡು. ನಿಜವಾದ ತೂಕವು 1198 ಪೌಂಡು. ಮೇಲಿನ ಉದಾಹರಣೆಗೆ ಇದನ್ನು ಅನ್ವಯಿಸಿದರೆ ಗಣಪತಿಯ ನಡುವಣ ಅಂಕ 7, ಶಿಲ್ಪಿಯದು 6. ಒಬ್ಬನ ಅತಿರೇಕವು ತಾನಾಗಿಯೇ ಬಲವನ್ನು ಕಳೆದುಕೊಳ್ಳುವುದು.

ಆದರೂ ಒಂದು ಭೇದವನ್ನು ಮರೆಯಬಾರದು. ಎತ್ತಿಗೆ ನಿಜವಾದ ತೂಕವೊಂದಿದೆ, ತಕ್ಕಡಿಯಲ್ಲಿಟ್ಟು ನೋಡಬಹುದು. ಚಿತ್ರದ ಸೊಬಗಿಗೆ ಅಂಥ ತಕ್ಕಡಿಯಿಲ್ಲ. ಅಲ್ಲದೆ ಆ ಜನರು ಒಬ್ಬರ ಚೀಟಿಯನ್ನೊಬ್ಬರು ನೋಡದೆ ಬರೆದವರು. ಹಿರಿಯನೊಬ್ಬನು ಮೊದಲು ಗಟ್ಟಿಯಾಗಿ ಅಭಿಪ್ರಾಯವನ್ನು ಹೇಳಿ, ಉಳಿದವರು ಅದಕ್ಕೆ ತಲೆದೂಗಿದಲ್ಲಿ ಮತಗಳು ಐದಾಗಿ ಕಂಡರೂ ತೀರ್ಪು ಒಂದೇ.

೬. ಕನ್ನಡನಾಡಿನಲ್ಲಿ

ಇಂಥ ಅನುಭವಗಳಿಂದ ಪಾಠವನ್ನು ಕಲಿತು ಇಪ್ಪತ್ತನೆಯ ಶತಮಾನದ ಸಂಸ್ಥೆಗಳು ನಿಯಮಗಳನ್ನು ಬಿಗಿಮಾಡಿದುವು. 1950ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ಪಟ್ಟಣದಲ್ಲಿ ನಾನಾ ದೇಶಗಳ ಛಾಯಾಚಿತ್ರಕಲಾ ಸಂಘಗಳ ಒಕ್ಕೂಟವು ಮೊದಲ ಮಹಾಸಭೆಯನ್ನು ನಡೆಸಿತು. ಭಾರತದಲ್ಲಿ ಅಂಥದೇ ಒಕ್ಕೂಟವು 1953ರಲ್ಲಿ ಸ್ಥಾಪಿತವಾಯಿತು. ಇದಕ್ಕಾಗಿ ದುಡಿದವರಲ್ಲಿ ಬೆಂಗಳೂರಿನ ಡಾಕ್ಟರ್ ಜಿ. ಥಾಮಸ್ ಮಹಾಶಯರು ಅಗ್ರಗಣ್ಯರು. ಬೆಂಗಳೂರಿನಲ್ಲಿ 1971ರಲ್ಲಿ ಯೂತ್ ಫೊಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಸಿ. ರಾಜಗೋಪಾಲರು, ವನ್ಯಜೀವಿಗಳ ಚಿತ್ರದಲ್ಲಿ ಖ್ಯಾತರಾದ ಇ. ಹನುಮಂತರಾಯರು (1930–2000), ಟಿ. ಎನ್. ಎ. ಪೆರುಮಾಳರು (1932–2017), ರಾಜ್ಯದ ಅರ್ಥಮಂತ್ರಿಗಳೂ ಆಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು (1931–2011) ಈ ನಾಡಿನ ಹೆಸರನ್ನು ದೇಶಾಂತರಗಳ ಪ್ರದರ್ಶನಗಳಿಗೆ ಮುಟ್ಟಿಸಿದರು. ಇವರಲ್ಲಿ ಯಾರಿಗೂ ಚಿತ್ರವು ಕೇವಲ ಹೊಟ್ಟೆಪಾಡಿನ ದಾರಿಯಾಗಿರಲಿಲ್ಲ, ಪ್ರೀತಿಯೇ ಮೊದಲಾಗಿದ್ದಿತು.

ಅಂಥ ಪ್ರದರ್ಶನಗಳಲ್ಲಿ ಪರೀಕ್ಷಕರು ಮೂವರಿಗೆ ಕಡಮೆಯಿರಬಾರದು. ಚಿತ್ರದೊಡನೆ ಚಿತ್ರಕಾರನ ಹೆಸರನ್ನು ತೋರಿಸಬಾರದು. ತಾನು ತೀರ್ಪು ಕೊಡುವ ವಿಭಾಗದಲ್ಲಿ ಪರೀಕ್ಷಕನು ಸ್ಪರ್ಧಿಸಬಾರದು. ಉತ್ತರಮೇರೂರಿನವರು ಕಲ್ಲಿನಲ್ಲಿ ಕೆತ್ತಿದುದರ ಸಾರವೇ ಇದೆಂದು ಹೇಳಬಹುದು. ಆದರೆ ಸಣ್ಣ ಊರಿನ ಸಂಘದಲ್ಲಿ ಹೆಸರನ್ನು ಮುಚ್ಚಿದ ಮಾತ್ರಕ್ಕೆ ಕೈಬರಹವು ಮುಚ್ಚಿಹೋಗದು. ಇಪ್ಪತ್ತು ಮಂದಿಯ ಕೂಟದಲ್ಲಿ ಯಾರು ಯಾವ ಬೆಟ್ಟಕ್ಕೆ ಯಾವ ಮುಂಜಾನೆ ಹೋಗಿದ್ದರೆಂಬುದು ಎಲ್ಲರಿಗೂ ತಿಳಿದಿರುವುದು. ಆದುದರಿಂದಲೇ ಚಿಕ್ಕ ಸಂಘಗಳಲ್ಲಿ ಸದಸ್ಯರೇ ಸದಸ್ಯರಿಗೆ ಮತ ಕೊಡುವ ಪದ್ಧತಿಯು ಬೇಗನೆ ಬಣಗಳಿಗೆ ದಾರಿಮಾಡುವುದು. ಈ ವರ್ಷ ಮತ ಕೊಟ್ಟವನು ಮುಂದಿನ ವರ್ಷ ಮತವನ್ನು ನಿರೀಕ್ಷಿಸುವನು. ಅದು ದೊರೆಯದಾಗ ಮಿತ್ರದ್ರೋಹವೆಂದು ಎಣಿಸುವನು. ಮೆಚ್ಚುಗೆಯು ಕೊಡುಕೊಳ್ಳುವಿಕೆಯಾದ ಬಳಿಕ ಗೆದ್ದವನಿಗೂ ಗೆಲವಿನ ಸುಖವಿಲ್ಲ. ತನ್ನ ಚಿತ್ರವು ನಿಜವಾಗಿಯೂ ಚೆನ್ನಾಗಿತ್ತೇ ಎಂಬುದನ್ನು ಅವನು ಎಂದಿಗೂ ಅರಿಯಲಾರನು. ಸೋತವನಿಗೆ ಆಗುವ ನಷ್ಟವು ಪದಕವೊಂದೇ. ಗೆದ್ದವನಿಗೆ ಆಗುವ ನಷ್ಟವು ಅದಕ್ಕಿಂತ ಹಿರಿದು.

ಇತ್ತೀಚಿನ ಕಾಲದಲ್ಲಿ ವಿವಾದದ ರೂಪವು ಬದಲಾಗಿದೆ. ಲಂಡನ್ನಿನ ಪ್ರಖ್ಯಾತ ವನ್ಯಜೀವಿ ಸ್ಪರ್ಧೆಯೊಂದರಲ್ಲಿ 2009ರಲ್ಲಿ ಪ್ರಶಸ್ತಿ ಪಡೆದ ತೋಳದ ಚಿತ್ರವನ್ನು, ಆ ತೋಳವು ಪಳಗಿದ ಪ್ರಾಣಿಯಾಗಿರುವ ಸಂಭವವೇ ಹೆಚ್ಚೆಂದು ಪರೀಕ್ಷಕರು ಭಾವಿಸಿ 2010ರಲ್ಲಿ ಅನರ್ಹಗೊಳಿಸಿದರು. ಅದೇ ಸ್ಪರ್ಧೆಯಲ್ಲಿ 2018ರಲ್ಲಿ ಮತ್ತೊಂದು ಚಿತ್ರವು, ಅದರಲ್ಲಿದ್ದ ಪ್ರಾಣಿಯು ಹುಲ್ಲು ತುಂಬಿದ ಚರ್ಮವೆಂಬ ನಿರ್ಣಯದಿಂದ ತಿರಸ್ಕೃತವಾಯಿತು. 2023ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಗೆದ್ದ ಜರ್ಮನ್ ಕಲಾವಿದನು, ಅದು ಯಂತ್ರಬುದ್ಧಿಯಿಂದ ರಚಿತವಾದ ಚಿತ್ರವೆಂದು ತಾನೇ ಪ್ರಕಟಿಸಿ ಪ್ರಶಸ್ತಿಯನ್ನು ನಿರಾಕರಿಸಿದನು. ಟ್ರೈಪನು ತಿದ್ದಿದ ಮೋಡಗಳಿಂದ ಹುಟ್ಟಿದ ಪ್ರಶ್ನೆಯು ಈಗ ಹೆಮ್ಮರವಾಗಿದೆ. ಟ್ರೈಪನ ದೇವಾಲಯವಾದರೂ ಹಳೇಬೀಡಿನಲ್ಲಿ ನಿಂತಿದ್ದಿತು. ಅನುಮಾನವಿದ್ದವನು ಹೋಗಿ ನೋಡಬಹುದಾಗಿತ್ತು.

೭. ಉಪಸಂಹಾರ

ಈ ಚರಿತ್ರೆಯಿಂದ ನಿಷ್ಪನ್ನವಾಗುವ ವಿಷಯಗಳು ಕೆಲವೇ. ಯಾವ ಅಂಶಕ್ಕೆ ತೀರ್ಪು ಬೇಕೋ ಆ ಅಂಶವನ್ನು ಬಲ್ಲವನೇ ಅದನ್ನು ಹೇಳಬೇಕೆಂಬುದು ಭರತನ ಮತ. ಪರೀಕ್ಷಕನು ತನಗಿರುವ ಸಂಬಂಧವನ್ನು ಮೊದಲೇ ಹೇಳಿಕೊಳ್ಳಬೇಕು, ಪ್ರತಿಯೊಬ್ಬ ಸ್ಪರ್ಧಿಗೂ ಸರದಿಯು ದೊರೆಯಬೇಕು ಎಂಬುದು ಕೌಶಿಕಿಯ ಕಥೆಯ ಪಾಠ. ಅಧಿಕಾರವು ಒಂದೇ ಕೈಯಲ್ಲಿ ನಿಲ್ಲದೆ ತಿರುಗಬೇಕು, ಎಣಿಕೆಯು ಎಲ್ಲರ ಕಣ್ಣೆದುರಿನಲ್ಲಿ ನಡೆಯಬೇಕು ಎಂಬುದು ಚೋಳಸಭೆಯ ವಿಧಿ. ಕಲೆಯ ಹೊರಗಣ ಕಾರಣಕ್ಕಾಗಿ ಯಾರನ್ನೂ ತೂಗಬಾರದೆಂಬುದು ರಾಜೇಂದ್ರಲಾಲರ ನೋವಿನಿಂದ ತಿಳಿದುಬಂದದ್ದು. ಗಾಲ್ಟನ್ನನ ಲೆಕ್ಕವು ಮತಗಳನ್ನು ಮೌನವಾಗಿ ಬರೆದು ನಡುವಣದನ್ನು ಹಿಡಿಯಬೇಕೆಂದು ಹೇಳುತ್ತದೆ.

ಇವೆಲ್ಲವನ್ನೂ ಪಾಲಿಸಿದರೂ ಒಬ್ಬನು ಗೆದ್ದು ಉಳಿದವರು ಸೋಲುವುದು ತಪ್ಪದು. ನಿಯಮಗಳಿಂದ ಸೋಲಿನ ನೋವು ಇಲ್ಲವಾಗುವುದಿಲ್ಲ. ಅದು ಅವಮಾನವಾಗದಂತೆ ತಡೆಯುವುದಷ್ಟೇ ಅವುಗಳಿಂದ ಸಾಧ್ಯ. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ತಮ್ಮ ಜೀವಮಾನವನ್ನೆಲ್ಲ ಸಾರ್ವಜನಿಕ ಜೀವನದ ಶುದ್ಧಿಗಾಗಿ ವಿನಿಯೋಗಿಸಿದರು. ಅಂಥ ಶುದ್ಧಿಯ ಅಭ್ಯಾಸವು ಶಾಸನಸಭೆಗಳಲ್ಲಿ ಆರಂಭವಾಗುವುದಿಲ್ಲ. ಹತ್ತಿಪ್ಪತ್ತು ಜನರ ಹವ್ಯಾಸಿ ಕೂಟಗಳಲ್ಲಿ ಆರಂಭವಾಗುವುದು. ಸ್ನೇಹಿತನ ಚಿತ್ರಕ್ಕೆ ಕಡಮೆ ಅಂಕವನ್ನು ಕೊಟ್ಟು, ಮರುದಿನ ಅವನೊಡನೆಯೇ ಆವನಿಯ ಬೆಟ್ಟವನ್ನು ಹತ್ತಬಲ್ಲವನು ದೊಡ್ಡ ಸಭೆಗಳಲ್ಲಿಯೂ ಮತ ಕೊಡಲು ಯೋಗ್ಯನು.